ಬಿಳಿ ಬೆಟ್ಟದ ಮುದಿ ಮರಗಳು

ಕ್ಯಾಲಿಫೋರ್ನಿಯಾದಲ್ಲಿ ದಪ್ಪ ಮರ ನೋಡಬೇಕು ಅಂದರೆ ಎಲ್ಲರೂ ಸೆಕ್ವೊಯಾ ಕಡೆ ಕೈ ತೋರಿಸುತ್ತಾರೆ. ಎತ್ತರದ ಮರ ಅಂದರೆ ಕರಾವಳಿಯ ರೆಡ್‌ವುಡ್. ಊರಿಂದ ಅಪ್ಪ ಅಮ್ಮ ಬಂದಾಗ ಬೇ ಏರಿಯಾದ ಕನ್ನಡದವರು ಕಾರು ತಿರುಗಿಸುವುದೂ ಈ ಎರಡು ಕಡೆಗೇ. ಹಳೆಯ ಮರ ನೋಡೋಕೆ ಮಾತ್ರ ರಾಜ್ಯದ ಇನ್ನೊಂದು ಅಂಚಿಗೆ, ನೆವಾಡಾ ಗಡಿ ಹತ್ತಿರದ ವೈಟ್ ಮೌಂಟನ್ಸ್ ಬೆಟ್ಟಸಾಲಿಗೆ ಹೋಗಬೇಕು. ಅಲ್ಲಿ ಬ್ರಿಸಲ್‌ಕೋನ್ ಪೈನ್ ಎಂಬ ಮರಗಳಿವೆ. ಅವುಗಳಲ್ಲಿ ಒಂದಕ್ಕೆ 4,800 ವರ್ಷಕ್ಕೂ ಜಾಸ್ತಿ ವಯಸ್ಸು. ಹಲ್ಮಿಡಿ ಶಾಸನ ಕೆತ್ತುವ ಹೊತ್ತಿಗೇ ಅದು ಮೂರು ಸಾವಿರ ವರ್ಷ ದಾಟಿತ್ತು.

ನನಗೆ ಫೋಟೊ ಹುಚ್ಚು. ಗೆಳೆಯನಿಗೆ ಡ್ರೈವಿಂಗ್ ಹುಚ್ಚು. ಅವನ ಅಮ್ಮ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ ಮತ್ತು ಕಾಡಿನ ನಡುವೆ ಬೆಳೆದವರು. ಅಮೆರಿಕದ ಮಾಲ್‌ಗಳನ್ನು ಸುತ್ತಿ ಸುತ್ತಿ ಬೇಜಾರಾಗಿದ್ದ ಅವರು, ಮರ ನೋಡೋಕೆ ಅಂದ ಕೂಡಲೇ ಹೊರಟರು.

ಯೊಸೆಮಿಟಿ ದಾಟಿ, 9,943 ಅಡಿ ಎತ್ತರದ ಟಿಯೋಗಾ ಪಾಸ್ ಇಳಿದು, ಮೋನೋ ಸರೋವರದ ಪಕ್ಕದಿಂದ 395ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದೆವು. ಟಿಯೋಗಾ ರಸ್ತೆ ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಚಳಿಗಾಲದಲ್ಲಿ ಹಿಮ ಮುಚ್ಚಿಬಿಡುತ್ತದೆ. ರಾತ್ರಿ ಬಿಷಪ್ ಎಂಬ ಊರಿನಲ್ಲಿ ಉಳಿದೆವು. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಊಟ ಸಿಕ್ಕಿತು, ನಿದ್ದೆ ಬಂತು.

ಬೆಳಿಗ್ಗೆ ಬಿಗ್ ಪೈನ್‌ನಲ್ಲಿ ಪೆಟ್ರೋಲ್ ತುಂಬಿಸಿ, ನೀರಿನ ಕ್ಯಾನ್ ಇಟ್ಟುಕೊಂಡು ಹೊರಟೆವು. ಮೇಲೆ ಎರಡೂ ಸಿಗುವುದಿಲ್ಲ. 168ನೇ ರಸ್ತೆ ಒಂದು ಕಡೆ ಬಂಡೆಗಳ ಸಂದಿಯಲ್ಲಿ ಒಂದೇ ಕಾರು ಹಿಡಿಸುವಷ್ಟು ಕಿರಿದಾಗುತ್ತದೆ. ಅಲ್ಲಿಂದ ಮುಂದೆ ಎಡಕ್ಕೆ ವೈಟ್ ಮೌಂಟನ್ ರೋಡ್. ಬಿಗ್ ಪೈನ್ ಇರುವುದು ಸುಮಾರು 4,000 ಅಡಿಯಲ್ಲಿ, ನಾವು ಹೋಗಬೇಕಾದ ಶುಲ್ಮನ್ ಗ್ರೋವ್ 10,000 ಅಡಿಯ ಮೇಲೆ. ಒಂದೇ ಬೆಳಿಗ್ಗೆ ಅಷ್ಟು ಹತ್ತಿದರೆ ತಲೆ ಭಾರ ಆಗೋದು ಖಂಡಿತ. ದಾರಿಯಲ್ಲಿ ಸಿಯೆರಾ ವ್ಯೂ ಎಂಬ ಕಡೆ ಸುಮ್ನೆ ಅರ್ಧ ಗಂಟೆ ಕೂತೆವು. ಕೆಳಗೆ ಓವೆನ್ಸ್ ಕಣಿವೆ, ಎದುರಿಗೆ ಸಿಯೆರಾ ನೆವಾಡಾದ ಇಡೀ ಸಾಲು. ಮಳೆ ಮೋಡಗಳನ್ನೆಲ್ಲ ಆ ಸಾಲೇ ಹಿಂಡಿಕೊಳ್ಳುತ್ತದೆ. ಇತ್ತ ಬರುವುದು ವರ್ಷಕ್ಕೆ 300 ಮಿಲಿಮೀಟರ್ ಆಸುಪಾಸು ಅಷ್ಟೇ, ಅದೂ ಹೆಚ್ಚಿನದು ಹಿಮವಾಗಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಲೆಕ್ಕ ಕೇಳಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಇಲ್ಲಿ ಮರ ಯಾಕೆ ಇರಬೇಕು?"

ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ರಸ್ತೆಯ ತಿರುವಿನಲ್ಲೇ ಕಾಣಿಸಿತು. ಒಂದು ಗುಡ್ಡ ಕಂದು ಬಣ್ಣ, ಮೈ ತುಂಬ ಸೇಜ್‌ಬ್ರಷ್ ಎಂಬ ಮೊಣಕಾಲೆತ್ತರದ ಬೂದು ಪೊದೆ. ಅದಕ್ಕೆ ಅಂಟಿಕೊಂಡ ಇನ್ನೊಂದು ಗುಡ್ಡ ಬಿಳಿ. ಅಲ್ಲಿ ಪೊದೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ದೂರ ದೂರ ನಿಂತ ಪೈನ್ ಮರಗಳು ಮಾತ್ರ. ನಡುವೆ ಗೆರೆ ಎಳೆದಷ್ಟು ಸ್ಪಷ್ಟ. ಬಿಳಿ ಕಲ್ಲು ಡೋಲೊಮೈಟ್. ಕ್ಷಾರದ ನೆಲ, ಗಿಡಗಳಿಗೆ ಬೇಕಾದ ಪೋಷಕಾಂಶ ಕಡಿಮೆ. ಬೇರೆ ಗಿಡಗಳು ಅಲ್ಲಿ ಬೇರೂರಲು ಒದ್ದಾಡುತ್ತವೆ. ಬ್ರಿಸಲ್‌ಕೋನ್ ಮಾತ್ರ ಪೈಪೋಟಿ ಇಲ್ಲದೆ ಆರಾಮಾಗಿ ಕಾಲೂರುತ್ತದೆ. ಬಿಳಿ ನೆಲ ಬಿಸಿಲನ್ನು ವಾಪಸ್ ಎಸೆಯುವುದರಿಂದ ತೇವವೂ ಸ್ವಲ್ಪ ಜಾಸ್ತಿ ಹೊತ್ತು ಉಳಿಯುತ್ತದೆ. ಮರಗಳ ನಡುವೆ ಪೊದೆ, ಹುಲ್ಲು ಏನೂ ಇಲ್ಲದ ಕಾರಣ ಸಿಡಿಲು ಬಡಿದರೂ ಬೆಂಕಿ ಒಂದರಿಂದ ಇನ್ನೊಂದಕ್ಕೆ ಹಬ್ಬುವುದು ಅಪರೂಪ.

ಶುಲ್ಮನ್ ಗ್ರೋವ್‌ನಲ್ಲಿ ಒಂದು ಸಣ್ಣ ಮಾಹಿತಿ ಕೇಂದ್ರ ಇದೆ. ಹಿಂದಿನ ಕಟ್ಟಡಕ್ಕೆ 2008ರಲ್ಲಿ ಯಾರೋ ಬೆಂಕಿ ಇಟ್ಟಿದ್ದರು, ಈಗಿನದು ಆಮೇಲೆ ಕಟ್ಟಿದ್ದು. ಈ ತೋಪಿಗೆ ಹೆಸರು ಬಂದದ್ದು ಅರಿಜೋನಾ ವಿಶ್ವವಿದ್ಯಾಲಯದ ಎಡ್ಮಂಡ್ ಶುಲ್ಮನ್ ಅವರಿಂದ. ಮರದ ಉಂಗುರ ಎಣಿಸಿ ಹಳೆಯ ಕಾಲದ ಮಳೆ, ಬರ ಲೆಕ್ಕ ಹಾಕುವುದು ಅವರ ಕೆಲಸ. ಮರ ಕಡಿಯಬೇಕಿಲ್ಲ, ಟೊಳ್ಳು ಬೈರಿಗೆಯೊಂದನ್ನು ತಿರುಗಿಸಿ ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಯೊಂದನ್ನು ಹೊರಗೆ ತೆಗೆದರೆ ಸಾಕು. ಅದರ ಮೇಲೆ ಉಂಗುರಗಳೆಲ್ಲ ಗೆರೆಗಳಾಗಿ ಇರುತ್ತವೆ. 1953ರಲ್ಲಿ ಅವರು ಮೊದಲು ಇಲ್ಲಿಗೆ ಬಂದರು. ನಾಲ್ಕು ಸಾವಿರ ವರ್ಷ ದಾಟಿದ ಮರ ಮೊದಲು ಸಿಕ್ಕಾಗ ಅದಕ್ಕೆ ಪೈನ್ ಆಲ್ಫಾ ಅಂತ ಹೆಸರಿಟ್ಟರು. 1957ರಲ್ಲಿ ಮೆಥೂಸೆಲಾ ಸಿಕ್ಕಿತು, 4,800 ವರ್ಷದ ಮರ ಅದೇ. ಮರುವರ್ಷ, 1958ರ ಜನವರಿಯಲ್ಲಿ, ಶುಲ್ಮನ್ ತೀರಿಕೊಂಡರು. ಆಗ ಅವರಿಗೆ 49. ಇವುಗಳ ಬಗ್ಗೆ ಅವರು ಬರೆದ ಲೇಖನ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅಚ್ಚಾದದ್ದು ಅದಾದ ಮೇಲೆ.

"ಅಯ್ಯೋ ಪಾಪ, ಐವತ್ತೂ ಆಗಿರಲಿಲ್ವಾ?" ಅಂದರು ಅಮ್ಮ.

ಮೆಥೂಸೆಲಾ ಯಾವುದು ಅಂತ ಇಲ್ಲಿ ಬೋರ್ಡ್ ಇಲ್ಲ. ಕೇಳಿದರೂ ಹೇಳುವುದಿಲ್ಲ. ಅದರ ಹೆಸರಿನ ನಾಲ್ಕೂವರೆ ಮೈಲಿಯ ಹಾದಿ ಇದೆ, ಆ ಹಾದಿಯ ಆಸುಪಾಸಿನಲ್ಲೇ ಎಲ್ಲೋ ಮರವೂ ಇದೆ, ಅಷ್ಟೇ. ಕೆಲವರಿಗೆ ಇದು ಸಿಟ್ಟು ತರಿಸುತ್ತದೆ, ಅಷ್ಟು ದೂರ ಬಂದು ಸೆಲ್ಫಿ ಇಲ್ಲ ಅಂದರೆ ಹೇಗೆ ಅಲ್ವಾ? ನನಗೆ ಈ ಗುಟ್ಟು ಸರಿ ಅನ್ನಿಸಿತು. ಬೋರ್ಡ್ ಇದ್ದಿದ್ದರೆ ಜನ ಅದರ ಬೇರು ತುಳಿದು, ಚೂರು ಚೂರು ಕಿತ್ತು ಮನೆಗೆ ಒಯ್ಯುತ್ತಿದ್ದರು. ಪಕ್ಕದ ನೆವಾಡಾದ ವೀಲರ್ ಪೀಕ್‌ನಲ್ಲಿ 1964ರಲ್ಲಿ ಹಿಮನದಿಗಳ ಇತಿಹಾಸ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಂದು ಮರ ಕಡಿಸಿದ್ದ. ಎಣಿಸಿದರೆ 4,862 ಉಂಗುರ! ಪ್ರಮೀಥಿಯಸ್ ಎಂದು ಕರೆಯುತ್ತಿದ್ದ ಮರ ಅದು. ಅನುಮತಿ ಇದ್ದೂ ಹಾಗಾಯಿತು, ಇನ್ನು ಅನುಮತಿ ಇಲ್ಲದವರನ್ನು ನಂಬುವುದು ಹೇಗೆ?

ಗುಟ್ಟಿನಿಂದ ಕ್ಯಾಮೆರಾ ಹಿಡಿದವನಿಗೆ ಒಂದು ಲಾಭ ಇದೆ. ಯಾವುದು ಅಂತ ಗೊತ್ತಿಲ್ಲದ ಕಾರಣ ಎಲ್ಲ ಮರವನ್ನೂ ನೋಡಬೇಕಾಗುತ್ತದೆ. ನೋಡುತ್ತಾ ಹೋದಂತೆ ನನಗೆ ಹಿಡಿದದ್ದು ತೊಗಟೆಯ ಪಟ್ಟಿ. ನೂರು ಹೆಜ್ಜೆ ದೂರದಿಂದ ಮರ ಸತ್ತಂತೆಯೇ ಇರುತ್ತದೆ. ಬೋಳು, ತಿರುಚಿಕೊಂಡ, ಗಾಳಿ ಮತ್ತು ಮಂಜಿನ ಹರಳು ಉಜ್ಜಿ ನಯ ಮಾಡಿದ ಕಾಂಡ. ಹತ್ತಿರ ಹೋಗಿ ಸುತ್ತು ಹಾಕಿದರೆ ಎಲ್ಲೋ ಒಂದು ಬದಿಯಲ್ಲಿ ಅಂಗೈ ಅಗಲದ ಕೆಂಪು ಮಿಶ್ರಿತ ಕಂದು ತೊಗಟೆ ನೆಲದಿಂದ ಮೇಲೆ ಹತ್ತುತ್ತದೆ. ಅದನ್ನೇ ಕಣ್ಣಿನಲ್ಲಿ ಹಿಂಬಾಲಿಸಿದರೆ ಮೇಲೊಂದು ಕೊಂಬೆ, ಕೊಂಬೆಯಲ್ಲಿ ದಟ್ಟ ಹಸಿರು. ಒಂದೊಂದು ಬೇರು ತನ್ನ ಮೇಲಿನ ಪಟ್ಟಿಯನ್ನಷ್ಟೇ ಸಾಕುತ್ತದೆ. ಬೇರು ಸತ್ತರೆ ಆ ಪಟ್ಟಿ ಸಾಯುತ್ತದೆ, ಉಳಿದದ್ದಕ್ಕೆ ಏನೂ ಆಗುವುದಿಲ್ಲ. ನಾಲ್ಕಡಿ ಅಗಲದ ಪೈನ್ ಆಲ್ಫಾದಲ್ಲಿ ಶುಲ್ಮನ್ ಕಂಡ ಜೀವಂತ ತೊಗಟೆ ಹತ್ತು ಅಂಗುಲದಷ್ಟು ಮಾತ್ರ.

ಅಮ್ಮ ಒಂದು ಕೊಂಬೆಯ ತುದಿಯನ್ನು ಹಗುರವಾಗಿ ಹಿಡಿದು ನೋಡಿದರು. ಸೂಜಿ ಎಲೆಗಳು ಐದೈದರ ಗೊಂಚಲು, ಕೊಂಬೆಯ ಸುತ್ತ ಒತ್ತೊತ್ತಾಗಿ, ಥೇಟ್ ನರಿ ಬಾಲ. ಈ ಎಲೆಗಳು ಮೂವತ್ತು, ನಲವತ್ತು ವರ್ಷವೂ ಉದುರದೆ ಇರುತ್ತವೆ. ಹೊಸ ಎಲೆ ಬಿಡುವಷ್ಟು ಆಹಾರ ಎಲ್ಲ ವರ್ಷವೂ ಇರುವುದಿಲ್ಲವಲ್ಲ. ಅಂಟು ಒಸರುವ ಎಳೆ ಕಾಯಿ ನೇರಳೆ ಬಣ್ಣ, ಅದರ ಪ್ರತಿ ಹಲ್ಲಿನ ಮೇಲೂ ಒಂದು ಸಣ್ಣ ಮುಳ್ಳು. ಮುಟ್ಟಿದರೆ ಚುಚ್ಚುತ್ತದೆ, ಅಮ್ಮನ ಬೆರಳಿಗೂ ಚುಚ್ಚಿತು.

ಫೋಟೊ ತೆಗೆಯುವವರಿಗೆ ಒಂದೆರಡು ಮಾತು. ಬಿಳಿ ನೆಲ ಕ್ಯಾಮೆರಾದ ಮೀಟರ್‌ಗೆ ಮೋಸ ಮಾಡುತ್ತದೆ, ಎಲ್ಲವೂ ಮಂಕಾಗಿ ಬರುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್ ಮೇಲಕ್ಕೆ ಇಟ್ಟರೆ ಸರಿ. ಪೋಲರೈಸರ್ ಹಾಕಿದರೆ ಈ ಎತ್ತರದಲ್ಲಿ ಆಕಾಶ ಕಪ್ಪಾಗಿಬಿಡುತ್ತದೆ, ಅರ್ಧ ತಿರುಗಿಸಿದರೆ ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಮರ ಬರೀ ಸೌದೆಯಂತೆ ಬೀಳುತ್ತದೆ. ಸಂಜೆ ಬೆಳಕು ಅಡ್ಡಕ್ಕೆ ಬಿದ್ದಾಗ ಬೂದು ಕಾಂಡದೊಳಗಿಂದ ಜೇನು, ಕಿತ್ತಳೆ, ಕಾಫಿ ಬಣ್ಣಗಳೆಲ್ಲ ಹೊರಗೆ ಬರುತ್ತವೆ. ಅಗಲದ ಲೆನ್ಸ್‌ಗಿಂತ ನನಗೆ ಇಷ್ಟವಾದದ್ದು ಮ್ಯಾಕ್ರೊ. ಸಿಗಿದ ಕಾಂಡವೊಂದರ ಮುಂದೆ ಮೊಣಕಾಲೂರಿ ನೋಡಿದಾಗ ಉಂಗುರಗಳು ಬರಿಗಣ್ಣಿಗೆ ಎಣಿಸಲಾಗದಷ್ಟು ಒತ್ತಾಗಿದ್ದವು. ಒಂದು ಅಂಗುಲ ದಪ್ಪ ಆಗಲು ನೂರು ವರ್ಷ ತೆಗೆದುಕೊಳ್ಳುವ ಮರ ಇದು. ಅಷ್ಟು ನಿಧಾನ ಬೆಳೆದದ್ದಕ್ಕೇ ಕಟ್ಟಿಗೆ ಗಟ್ಟಿ, ರಾಳವೂ ಜಾಸ್ತಿ, ಹುಳ ಮತ್ತು ಕೊಳೆ ರೋಗ ಸುಲಭಕ್ಕೆ ಒಳಗೆ ಹೋಗಲ್ಲ.

ಬೇರುಗಳನ್ನೂ ಬಿಡಬೇಡಿ. ಇಳಿಜಾರಿನ ಮರಗಳ ಬೇರು ನೆಲದಿಂದ ಎರಡು ಮೂರು ಅಡಿ ಮೇಲೆ ಗಾಳಿಯಲ್ಲಿವೆ. ಮರ ಹುಟ್ಟಿದಾಗ ಮಣ್ಣು ಅಲ್ಲಿಯವರೆಗೆ ಇತ್ತು. ಸಾವಿರ ವರ್ಷಕ್ಕೆ ಸುಮಾರು ಒಂದು ಅಡಿಯಂತೆ ಬೆಟ್ಟವೇ ಕೆಳಗೆ ಜಾರಿದೆ.

ಬಿದ್ದ ಕಟ್ಟಿಗೆಯ ಒಂದು ಚೂರನ್ನೂ ತೆಗೆದುಕೊಂಡು ಹೋಗುವಂತಿಲ್ಲ. ಈ ಒಣ ಹವೆಯಲ್ಲಿ ಸತ್ತ ಮರವೂ ಸಾವಿರಾರು ವರ್ಷ ಕೊಳೆಯದೆ ಬಿದ್ದಿರುತ್ತದೆ. ಬದುಕಿರುವ ಮರದ ಉಂಗುರಗಳಿಗೆ ಸತ್ತ ಮರದ ಉಂಗುರಗಳನ್ನು ಹೊಂದಿಸಿ ವಿಜ್ಞಾನಿಗಳು ಇನ್ನೂ ಹಿಂದಕ್ಕೆ ಹೋಗಿದ್ದಾರೆ. ಹಳೆಯ ವಸ್ತುಗಳ ವಯಸ್ಸು ಹೇಳುವ ರೇಡಿಯೊಕಾರ್ಬನ್ ವಿಧಾನದ ಲೆಕ್ಕ ಹಳೆಯ ಕಾಲಕ್ಕೆ ಹೋದಂತೆ ತಪ್ಪುತ್ತಿತ್ತು. ವರ್ಷ ಖಚಿತವಾಗಿ ಗೊತ್ತಿರುವ ಈ ಕಟ್ಟಿಗೆಯನ್ನು ಇಟ್ಟುಕೊಂಡೇ ಅದನ್ನು ತಿದ್ದಿದರು. ಯುರೋಪಿನ ಕಲ್ಲುಗೋರಿಗಳು ಅಂದುಕೊಂಡದ್ದಕ್ಕಿಂತ ತುಂಬಾ ಹಳೆಯವು ಅಂತ ಗೊತ್ತಾದದ್ದು ಹಾಗೆ.

ಮಧ್ಯಾಹ್ನದ ಮೇಲೆ ಹನ್ನೆರಡು ಮೈಲಿ ಮಣ್ಣು ರಸ್ತೆಯಲ್ಲಿ ಕುಲುಕಾಡಿಕೊಂಡು ಪೇಟ್ರಿಯಾರ್ಕ್ ಗ್ರೋವ್‌ಗೆ ಹೋದೆವು. ಸುಮಾರು 11,000 ಅಡಿ. ಕಲ್ಲು ಚೂಪು, ಟೈರ್ ಬಗ್ಗೆ ಎಚ್ಚರ ಇರಲಿ. ಬ್ರಿಸಲ್‌ಕೋನ್‌ಗಳಲ್ಲೇ ದೊಡ್ಡದು ಎನ್ನುವ ಪೇಟ್ರಿಯಾರ್ಕ್ ಮರ ಇಲ್ಲಿದೆ, ಸುತ್ತಳತೆ 36 ಅಡಿ. ಹಲವು ಕಾಂಡ ಸೇರಿದ ಗಾತ್ರ ನೋಡಿ ಇದೇ ಎಲ್ಲಕ್ಕಿಂತ ಹಳೆಯದು ಅಂದುಕೊಳ್ಳುವುದು ಸಹಜ. ವಯಸ್ಸು ಮಾತ್ರ ಸುಮಾರು 1,500, ಈ ಊರಿನ ಲೆಕ್ಕದಲ್ಲಿ ಹುಡುಗ. ಸುಖವಾಗಿ ದಪ್ಪ ಆದವು ಬೇಗ ಕೊಳೆಯುತ್ತವೆ, ಮುದುಕರೆಲ್ಲ ಕುಳ್ಳಗೆ, ಸೊರಗಿ, ಕೆಟ್ಟ ಜಾಗದಲ್ಲೇ ನಿಂತಿರುತ್ತಾರೆ.

ಹಾಗಂತ ಇವಕ್ಕೆ ಏನೂ ಆಗುವುದಿಲ್ಲ ಅಂತಲ್ಲ. ದಕ್ಷಿಣಕ್ಕೆ ಡೆತ್ ವ್ಯಾಲಿಯ ಟೆಲಿಸ್ಕೋಪ್ ಪೀಕ್ ಮೇಲೆ ಇತ್ತೀಚಿನ ಬರಗಳಲ್ಲಿ ತೊಗಟೆ ಕೊರೆಯುವ ಹುಳು ಬಿದ್ದು ಬ್ರಿಸಲ್‌ಕೋನ್‌ಗಳು ಸತ್ತಿವೆ. ಇಲ್ಲಿ ಬಿಸಿ ಏರಿದಂತೆ ಲಿಂಬರ್ ಪೈನ್ ಎಂಬ ಇನ್ನೊಂದು ಜಾತಿ ಇವುಗಳಿಗಿಂತ ಚುರುಕಾಗಿ ಮೇಲಿನ ಬೋಳು ಇಳಿಜಾರನ್ನು ಹಿಡಿಯುತ್ತಿದೆ.

ಸೂರ್ಯ ಸಿಯೆರಾ ಹಿಂದೆ ಇಳಿಯುವ ತನಕ ಶಟರ್ ಒತ್ತುತ್ತಲೇ ಇದ್ದೆ. ಗೆಳೆಯ ಚಳಿಗೆ ಕಾರಿನೊಳಗೆ ಸೇರಿಕೊಂಡ. ಅಮ್ಮ ತಮ್ಮ ಫೋನಿನಲ್ಲಿ ಒಂದೇ ಒಂದು ಮರದ ಫೋಟೊ ತೆಗೆದರು, ತೊಗಟೆಯ ಪಟ್ಟಿ ಇದ್ದ ಬದಿಯನ್ನೇ ಹುಡುಕಿ. ಬಿಷಪ್‌ಗೆ ವಾಪಸ್ ಬಂದು ವೈಫೈ ಸಿಕ್ಕ ಕೂಡಲೇ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರು. "ಬಚ್ಚಲ ಒಲೆಗೆ ಒಳ್ಳೆ ಸೌದೆ" ಅಂತ ಅವರ ತಮ್ಮನ ಉತ್ತರ ಬಂತು. ಅಮ್ಮ ಮೆಸೇಜ್ ಬರೆಯುವ ಗೋಜಿಗೆ ಹೋಗಲಿಲ್ಲ, ನೇರ ಫೋನೇ ಮಾಡಿದರು. ನಾವು ಪಿಜ್ಜಾ ತಿಂದು ಮುಗಿಸಿದರೂ ಅವರು ಇನ್ನೂ ಡೋಲೊಮೈಟ್‌ನಲ್ಲೇ ಇದ್ದರು.