ವಯೆದುಪಾರಿನ ಮಾವಿನ ಮರ, ಮಾಮಾನ ಪೇಟಿ

ನಮ್ಮ ಸೋದರಮಾವ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ಬಾರಿಸುವವರು, ಆಗಿದ್ದರು. ರಂಗದ ಮುಂದಿನ ತಗ್ಗಿನಲ್ಲಿ ಕೂತು, ಕಾಲಿನಿಂದ ತಿದಿ ಒತ್ತುತ್ತ ರಾತ್ರಿಯಿಡೀ ಬಾರಿಸುತ್ತಿದ್ದರು. ಹ್ಯಾಂಡ್‌ಬಿಲ್ಲಿನಲ್ಲಿ ನಟರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಅವರ ಹೆಸರು ಬಂದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಕೆಲಸಕ್ಕಿರುವ ತಂಗಿ ಫೋನಿನಲ್ಲಿ, "ಅಕ್ಕಾ, ಇಲ್ಲೊಂದ ಊರಾಗ ಹಾಡಾವ್ರಿಗಲ್ಲ, ಪೇಟಿ ಬಾರಿಸಾವ್ರಿಗೆ ರಾಜನ ಪಟ್ಟಾ ಕಟ್ತಾರ" ಎಂದಳು. ಅಂದೇ ರಾತ್ರಿ, ಆ ಪಟ್ಟದ ಉತ್ಸವ ನಡೆಯುವ ಏಪ್ರಿಲ್ ಕೊನೆಯ ವಾರಕ್ಕೆ ರಜೆ ಹಾಕಿದೆ.

ಊರಿನ ಹೆಸರು ವಯೆದುಪಾರ್. ಕೊಲಂಬಿಯಾದ ಉತ್ತರಕ್ಕೆ, ಸಿಯೆರಾ ನೆವಾದಾ ದೆ ಸಾಂತಾ ಮಾರ್ತಾ ಎಂಬ ಹಿಮ ಹೊತ್ತ ಬೆಟ್ಟಗಳ ಬುಡದಲ್ಲಿದೆ. ಬೆಟ್ಟದ ಮೇಲೆ ಹಿಮ ಇದ್ದರೇನು, ಊರಿನಲ್ಲಿ ನಮ್ಮ ಕಲಬುರಗಿಯ ಬಿಸಿಲು. ಬೊಗೊಟಾದ ಮೂರು ದಿನ ಮಳೆಯಲ್ಲೇ ಕಳೆದವು, ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಇಳಿದ ಕೂಡಲೇ ಆದ ತೊಂದರೆ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಎರಡು ತಿಂಗಳ ಹಿಂದೆಯೇ ಕೋಣೆ ಹೇಳಿಟ್ಟಿದ್ದೆವು, ಆಗಲಿ ಬನ್ನಿ ಎಂದು ಉತ್ತರವೂ ಬಂದಿತ್ತು. ಹೋಗಿ ನೋಡಿದರೆ ಹೆಚ್ಚು ಹಣ ಕೊಟ್ಟವರಿಗೆ ಅದನ್ನು ಕೊಟ್ಟಾಗಿತ್ತು. ಮಧ್ಯಾಹ್ನದ ಉರಿಯಲ್ಲಿ ಪೆಟ್ಟಿಗೆ ಎಳೆದುಕೊಂಡು ಬೀದಿ ಬೀದಿ ಅಲೆದೆವು. ಉತ್ಸವದ ವಾರಕ್ಕೆ ಹೋಗುವವರು ಬಾಯಿಮಾತು ನಂಬಬೇಡಿ. ಅರ್ಧ ಹಣ ಮೊದಲೇ ಕಟ್ಟಿ ರಸೀದಿ ಇಸಿದುಕೊಳ್ಳಿ. ಆ ವಾರ ಊರಿನ ಎಷ್ಟೋ ಮನೆಗಳವರು ಒಂದು ಕೋಣೆ ಬಿಡಿಸಿ ಬಾಡಿಗೆಗೆ ಕೊಡುತ್ತಾರೆ, ಅದನ್ನೂ ವಿಚಾರಿಸಿ. ನಮಗೆ ಕೊನೆಗೆ ಸಿಕ್ಕಿದ್ದು ಅಂಥದೇ ಒಂದು ಹಿತ್ತಲ ಕೋಣೆ. ಆ ಮನೆಯಾಕೆಯ ಅಣ್ಣ ಸ್ಪರ್ಧೆಗೆಂದು ಹಳ್ಳಿಯಿಂದ ಬಂದು ಅಲ್ಲೇ ಇಳಿದುಕೊಂಡಿದ್ದರು.

ಈ ಸಂಗೀತಕ್ಕೆ ವಯೆನಾತೊ ಎನ್ನುತ್ತಾರೆ. ವಾದ್ಯ ಮೂರೇ. ಎದೆಗೆ ತೂಗುಹಾಕಿಕೊಂಡು ತಿದಿ ಎಳೆದು ಒತ್ತಿ ಬಾರಿಸುವ ಅಕಾರ್ಡಿಯನ್ (ತಂಗಿ ಪೇಟಿ ಎಂದದ್ದು ಇದನ್ನೇ), ತೊಡೆಗಳ ನಡುವೆ ಹಿಡಿದು ಬಾರಿಸುವ ಕಾಹಾ ಎಂಬ ಸಣ್ಣ ಚರ್ಮವಾದ್ಯ, ಗೀರು ಹಾಕಿದ ಕೋಲನ್ನು ತಂತಿಯಿಂದ ಉಜ್ಜುವ ಗ್ವಚರಾಕಾ. ದನಕಾಯುವವರು, ತೋಟದ ಆಳುಗಳು ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹೊತ್ತುಕೊಂಡು ಹಾಡುತ್ತಿದ್ದರು. ಊರಿನ ಸಿರಿವಂತರು ಇದನ್ನು ಒಳಗೆ ಬಿಟ್ಟುಕೊಳ್ಳದ ಕಾಲವೊಂದಿತ್ತು. ಬರಹಗಾರ್ತಿ ಕೊನ್ಸುಯೆಲೊ ಅರಾಊಹೊ ನೊಗೇರಾ, ಹಾಡುಗಳನ್ನು ಕಟ್ಟುತ್ತಿದ್ದ ರಫಾಯೆಲ್ ಎಸ್ಕಲೋನಾ, ಮುಂದೆ ದೇಶದ ಅಧ್ಯಕ್ಷರಾದ ಅಲ್ಫೊನ್ಸೊ ಲೊಪೆಸ್ ಮಿಕೆಲ್ಸನ್ ಸೇರಿ 1968ರಲ್ಲಿ ಉತ್ಸವ ಶುರು ಮಾಡಿದರು. ಮೊದಲ ರಾಜ ಅಲೆಹೊ ದುರಾನ್. ದನದ ದೊಡ್ಡಿಯಲ್ಲಿ ದುಡಿದು ಬೆಳೆದ ಕಪ್ಪು ಮನುಷ್ಯ. ಆ ಪಟ್ಟದಿಂದ ಅವರ ಹೆಸರು ಇನ್ನಷ್ಟು ಹಬ್ಬಿತು. ಇಂದಿಗೂ ಈ ಕಡೆಯ ಹುಡುಗರಿಗೆ ಹೊರಜಗತ್ತಿಗೆ ಹೋಗುವ ದೊಡ್ಡ ಬಾಗಿಲು ಅದೇ.

ಊರ ನಡುವಿನ ಚೌಕದಲ್ಲಿ ಹಳೆಯದೊಂದು ಮಾವಿನ ಮರ ಇದೆ. ಅಲ್ಲಿ ನಿಂತು ನಾವು ಚಿಕ್ಕ ಮಕ್ಕಳ ಸ್ಪರ್ಧೆ ಕೇಳಿದೆವು. ಹತ್ತು ವರ್ಷವೂ ತುಂಬಿರದ ಹುಡುಗನೊಬ್ಬನ ಎದೆ, ಹೊಟ್ಟೆ ಎರಡನ್ನೂ ವಾದ್ಯವೇ ಮುಚ್ಚಿತ್ತು. ಬೆರಳು ಮಾತ್ರ ಮಳೆಹನಿಯ ಹಾಗೆ ಬೀಳುತ್ತಿದ್ದವು. ಪಾಸೆಯೊ, ಮೆರೆಂಗೆ, ಸೊನ್, ಪುಯಾ ಎಂದು ನಾಲ್ಕು ಧಾಟಿ. ರಾಜಪಟ್ಟಕ್ಕೆ ಬಂದವರು ನಾಲ್ಕನ್ನೂ ಬಾರಿಸಲೇಬೇಕು. ಪುಯಾ ಎಲ್ಲಕ್ಕಿಂತ ಚುರುಕು. ನನಗೆ ಹಿಡಿಸಿದ್ದು ಸೊನ್. ನಿಧಾನವಾಗಿ, ಎಡಗೈಯ ಮಂದ್ರವನ್ನು ಮುಂದಿಟ್ಟುಕೊಂಡು ನಡೆಯುತ್ತದೆ. ಆಶುವಾಗಿ ಪದ ಕಟ್ಟಿ ಎದುರಾಳಿಯನ್ನು ಮಣಿಸುವ ಪಿಕೆರಿಯಾ ಕೇಳುವಾಗಲಂತೂ ಗೀಗೀ ಪದದ ಹರದೇಶಿ, ನಾಗೇಶಿಯವರೇ ಕಣ್ಣೆದುರು ನಿಂತರು. ರಾತ್ರಿ ದೊಡ್ಡ ಬಯಲಿನ ಕಛೇರಿಗೂ ಹೋದೆವು. ಕೀಬೋರ್ಡು, ಹೊಗೆ, ಬಣ್ಣದ ದೀಪಗಳ ನಡುವೆ ಕಾಹಾದ ಪೆಟ್ಟು ಕೇಳಿಸಲೇ ಇಲ್ಲ. ಅರ್ಧಕ್ಕೇ ಎದ್ದು ಬಂದೆ. ಹಳೆಯ ವಯೆನಾತೊವನ್ನು ಯುನೆಸ್ಕೊ 2015ರಲ್ಲಿ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದ್ದು ಏಕೆಂದು ಅಲ್ಲಿ ಅರ್ಥವಾಯಿತು.

ಮರುದಿನ ನಸುಕಿನಲ್ಲಿ ಹಿತ್ತಲಲ್ಲಿ ಮನೆಯಾಕೆಯ ಅಣ್ಣ ಕರಿ ಕಾಫಿ ಕುಡಿಯುತ್ತ ಕೂತಿದ್ದರು. ಅರವತ್ತು ದಾಟಿದವರು, ಬಸ್ಸು ಓಡಿಸುತ್ತಾರೆ. ಹನ್ನೊಂದು ಸಲ ಸ್ಪರ್ಧೆಗೆ ನಿಂತಿದ್ದಾರಂತೆ. ತಂಗಿ ನಡುವೆ ಕೂತಳು. ಅವಳ ಬಾಯಲ್ಲಿ ಅವರ ಮಾತೆಲ್ಲ ಧಾರವಾಡದ ಮಾತಾಗಿ ಬರುತ್ತಿತ್ತು.

ಅವರದು ಜರ್ಮನಿಯ ಹೋನರ್ ಪೇಟಿ. ಬಲಗೈಗೆ 31 ಗುಂಡಿ, ಎಡಗೈಗೆ 12. ಒಂದೇ ಗುಂಡಿ ತಿದಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ನಮ್ಮ ಪೇಟಿಯಲ್ಲಿ ಹಾಗಿಲ್ಲ, ಗಾಳಿ ಹೇಗೆ ಹಾಕಿದರೂ ಒಂದು ಮನೆಗೆ (ಕೀಗೆ) ಒಂದೇ ಸ್ವರ ಎಂದೆ. ಅವರಿಗೆ ಆಶ್ಚರ್ಯ. ಎರಡರಲ್ಲೂ ನುಡಿಯುವುದು ಗಾಳಿಗೆ ಮಿಡಿಯುವ ರೀಡು, ಎರಡೂ ಯುರೋಪಿನಿಂದ ಹಡಗು ಹತ್ತಿ ಬಂದವು ಎಂದಾಗ ನಕ್ಕರು.

"ನಿಮ್ಮಲ್ಲಿ ಈಗ ರಾಜ ಯಾರು ಅಂತ ಕೇಳಾಕತ್ತಾರ," ಎಂದಳು ತಂಗಿ.

ನಮ್ಮಲ್ಲಿ ಅಂಥ ಪಟ್ಟ ಇಲ್ಲ ಎಂದೆ. ಮಾಮಾನ ಸುದ್ದಿ ಹೇಳಿದೆ, ತಗ್ಗಿನಲ್ಲಿ ಕೂರುತ್ತಿದ್ದದ್ದನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಮಾಮಾನ ಹೆಸರು ಕೇಳಿದರು. ಎರಡು ಸಲ ಹೇಳಿಸಿಕೊಂಡರು.

ಆಮೇಲೆ 1987ರ ಕಥೆ ತೆಗೆದರು. ಹಳೆಯ ರಾಜರನ್ನೆಲ್ಲ ಸೇರಿಸಿ ರಾಜರ ರಾಜನನ್ನು ಆರಿಸುವ ಸ್ಪರ್ಧೆ ಅದು. ಜನರೆಲ್ಲ ಅಲೆಹೊ ದುರಾನ್ ಗೆಲ್ಲಲಿ ಎಂದೇ ಕಾದಿದ್ದರು. ಬಾರಿಸುತ್ತ ಬಾರಿಸುತ್ತ ಒಂದು ಕಡೆ ತಪ್ಪಿದರು. ಕೈ ನಿಲ್ಲಿಸಿ, ಜನರ ಕಡೆ ತಿರುಗಿ, ನಾನೇ ನನ್ನನ್ನು ಸ್ಪರ್ಧೆಯಿಂದ ತೆಗೆದುಹಾಕಿಕೊಂಡೆ ಎಂದುಬಿಟ್ಟರು. ಪಟ್ಟ ಕೊಲಾಚೊ ಮೆಂದೊಸಾ ಅವರಿಗೆ ಹೋಯಿತು.

"ಅಕ್ಕಾ, ಆ ತಪ್ಪು ಭಾಳ ಮಂದೀಗೆ ಗೊತ್ತ ಆಗ್ತಿರಲಿಲ್ಲಂತ. ಆದ್ರ ಅವರ ಬೆರಳಿಗೆ ಗೊತ್ತಿತ್ತು ಅಂತಾರ."

ಅಂದು ಮಧ್ಯಾಹ್ನ ಅವರ ಸರದಿ. ಮೆರೆಂಗೆಯಲ್ಲಿ ಸ್ವಲ್ಪ ಅವಸರ ಮಾಡಿದರು ಅನ್ನಿಸಿತು. ಸೊನ್ ಬಾರಿಸಿದಾಗ ನನ್ನ ಮೈ ಜುಮ್ಮೆಂದಿತು. ಸಂಜೆ ಹೆಸರುಗಳನ್ನು ಓದಿದರು. ಅವರದು ಇರಲಿಲ್ಲ.

ಇನ್ನೆರಡು ದಿನ ಗ್ವತಪುರಿ ನದಿಯ ಕೊರೆಯುವ ನೀರಿನಲ್ಲಿ ಈಸಿದೆವು, ಹೊಸ ರಾಜನ ಪಟ್ಟವನ್ನೂ ನೋಡಿದೆವು. ಹೊರಡುವ ಹಿಂದಿನ ರಾತ್ರಿ ಹಿತ್ತಲಲ್ಲಿ ಊಟ. ಅಕ್ಕಪಕ್ಕದವರೆಲ್ಲ ಸೇರಿದ್ದರು. ಹಾಡಿನ ನಡುವೆ ತಮಗೆ ಬೇಕಾದವರ ಹೆಸರು ಕೂಗಿ ನಮಸ್ಕಾರ ಹೇಳುವುದು ಇಲ್ಲಿಯ ಪದ್ಧತಿ. ಅವರು ಅದೇ ಸೊನ್ ಎತ್ತಿಕೊಂಡರು. ಮಂದ್ರದ ಮೇಲೆ ಕೈ ಇಟ್ಟು, ಮಾಮಾನ ಪೂರ್ತಿ ಹೆಸರು ಕೂಗಿದರು. ಕೊನೆಗೆ "ಮಾಸ್ತರ" ಎಂದೂ ಸೇರಿಸಿದರು. ಹಿತ್ತಲಲ್ಲಿದ್ದವರೆಲ್ಲ ಹೋ ಎಂದರು. ತಂಗಿ ನನ್ನ ಕೈ ಹಿಡಿದುಕೊಂಡಳು.