ಬಚ್ಚಲುಮನೆಯ ನೆಂಟರು

ಊರಿಗೆ ಬಂದು ನಾಲ್ಕು ದಿನವಾಯಿತು, ಮಳೆ ಬಿಟ್ಟಿಲ್ಲ. ಬೆಳಿಗ್ಗೆ ಬಚ್ಚಲುಮನೆ ಬಾಗಿಲು ತೆಗೆದರೆ ನೆಲದ ಮೇಲೆ ಎರೆಹುಳು, ಗೋಡೆಯಲ್ಲಿ ಬಸವನಹುಳು, ಮೂಲೆಯಲ್ಲಿ ಚಕ್ಕುಲಿ ಹಾಗೆ ಸುತ್ತಿಕೊಂಡು ಮಲಗಿದ ಸಹಸ್ರಪದಿ. ಮೂರಕ್ಕೂ ಬೆನ್ನುಮೂಳೆ ಇಲ್ಲ. ಅಮ್ಮ ಪೊರಕೆ ತರುವಷ್ಟರಲ್ಲಿ ನಾನು ಸುಮ್ನೆ ನೋಡುತ್ತಾ ಕೂತೆ.

ಎರೆಹುಳು ಅಂದರೆ ಉಂಗುರಗಳನ್ನು ಸಾಲಾಗಿ ಜೋಡಿಸಿದ ಕೊಳವೆ. ಒಳಗೆ ತುಂಬಿದ ದ್ರವದ ಒತ್ತಡವೇ ಅದಕ್ಕೆ ಮೂಳೆ ಇದ್ದ ಹಾಗೆ. ತೋಟಕ್ಕೆ ಹೋದಾಗೆಲ್ಲ ನನ್ನ ಕಾಲು ಹತ್ತುವ ಇಂಬಳವೂ ಇದೇ ವಂಶದ್ದು, ನಂಬೋದು ಕಷ್ಟ ಅಲ್ವಾ! ಸಹಸ್ರಪದಿಯದ್ದೂ ಉಂಗುರದ ಮೈಯೇ, ಆದರೆ ಹೊರಗೆ ಗಟ್ಟಿ ಕವಚ, ಕೆಳಗೆ ಕೀಲಿರುವ ಕಾಲುಗಳು, ಅದೂ ಹೆಚ್ಚಿನ ಉಂಗುರಗಳಿಗೆ ಎರಡೆರಡು ಜೊತೆ, ಹಾಗಾಗಿ ಅದು ಜಿರಳೆ, ಜೇಡ, ಏಡಿಗಳ ಕಡೆಯದು. ಸಾವಿರ ಕಾಲು ಅನ್ನೋದು ಬರೀ ಹೆಸರಿಗೆ. ನಿಜವಾಗಿ ಸಾವಿರ ದಾಟಿದ ಜಾತಿ ಲೋಕಕ್ಕೆ ಗೊತ್ತಾಗಿದ್ದೇ 2021ರಲ್ಲಿ, ಆಸ್ಟ್ರೇಲಿಯಾದಲ್ಲಿ ನೆಲದಡಿ 60 ಮೀಟರ್ ಆಳದಲ್ಲಿ ಸಿಕ್ಕಿದ್ದು, ಕಾಲು 1,306.

ನನಗೆ ಜಾಸ್ತಿ ಇಷ್ಟವಾಗಿದ್ದು ಬಸವನಹುಳು. ಮೃದು ಮೈ, ಒಂದೇ ಪಾದ, ಬೆನ್ನ ಮೇಲೆ ಮನೆ. ಆಕ್ಟೋಪಸ್‌ಗೆ ದೂರದ ದಾಯಾದಿ. ಅದು ಇನ್ನೂ ಮೊಟ್ಟೆಯೊಳಗೆ ಬೆಳೆಯುವಾಗಲೇ ಮೈ ಅರ್ಧ ಸುತ್ತು ತಿರುಚಿಕೊಳ್ಳುತ್ತದೆ, ಹಾಗಾಗಿ ಹಿಂದೆ ಇರಬೇಕಾದ ಗುದದ್ವಾರ ಮುಂದಕ್ಕೆ, ತಲೆಯ ಹತ್ತಿರಕ್ಕೇ ಬಂದುಬಿಡುತ್ತದೆ.

ಇದನ್ನು ಅಮ್ಮನಿಗೆ ಹೇಳಿದೆ. "ಮೊದಲು ಸ್ನಾನ ಮುಗಿಸಿ ಬಾ, ದೋಸೆ ಆರ್ತಿದೆ" ಅಂದಳು.