ಮೂಳೆ ವಾರ್ಡಿನಲ್ಲಿ ಕೇಳಿದ ಆಕ್ಸ್‌ಫರ್ಡಿನ ಕಥೆ

ಅಡಿಕೆ ಕೊನೆ ಕೊಯ್ಲು ಶುರುವಾಯಿತೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ನಮ್ಮ ಮೂಳೆ ವಾರ್ಡಿಗೆ ಅಡಿಕೆ ಮರದಿಂದ ಬಿದ್ದವರು ಬರುತ್ತಿದ್ದರು. ಹಿಮ್ಮಡಿ ಒಡೆದವರು, ಬೆನ್ನುಮೂಳೆ ಮುರಿದವರು. ಪುಸ್ತಕಕ್ಕಿಂತ ಜಾಸ್ತಿ ನಾವು ಕಲಿತದ್ದು ಆ ಮಂಚಗಳ ಪಕ್ಕದಲ್ಲೇ.

ನಮ್ಮ ಯೂನಿಟ್ಟಿನ ಸರ್‌ಗೆ ಒಂದು ಅಭ್ಯಾಸ. ಆಪರೇಷನ್ನಿಗೆ ಯಾರದ್ದಾದರೂ ಹೆಸರಿದ್ದರೆ ಆ ಮನುಷ್ಯನ ಕಥೆ ಹೇಳದೆ ಮುಂದಿನ ಮಂಚಕ್ಕೆ ಹೋಗುತ್ತಿರಲಿಲ್ಲ. ಸಾಗರದ ಕಡೆಯ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರೊಬ್ಬರ ಸೊಂಟದ ಕೀಲು ಕೀವು ತುಂಬಿ ಹಾಳಾಗಿತ್ತು. ತೊಡೆಮೂಳೆಯ ತಲೆ, ಕತ್ತು ಎರಡನ್ನೂ ತೆಗೆದುಬಿಡುವ ಗರ್ಡಲ್‌ಸ್ಟೋನ್ ಆಪರೇಷನ್ ಮಾಡಬೇಕಾಯಿತು.

"ನೆಲದ ಮೇಲೆ ಕೂರಕ್ಕಾಗ್ತದಾ ಡಾಕ್ಟ್ರೇ?"

"ಕೂರಬಹುದು ಮಾರಾಯ್ರೆ. ಆದ್ರೆ ಕಾಲು ಗಿಡ್ಡ ಆಗ್ತದೆ, ಒಂದು ಚಪ್ಪಲಿಗೆ ಅಟ್ಟೆ ಎತ್ತರ ಮಾಡಿಸ್ಕೊಳ್ಳಿ. ಮರ ಹತ್ತೋದು ಮಾತ್ರ ಬೇಡ."

ಕೊನೆಯ ಮಾತಿಗೆ ಅವರು ಹೂಂ ಅನ್ನಲಿಲ್ಲ.

ಗರ್ಡಲ್‌ಸ್ಟೋನ್ ಆಕ್ಸ್‌ಫರ್ಡಿನ ಸರ್ಜನ್. ಅವರ ಆಸ್ಪತ್ರೆ ಹೊಸದಾಗಿ ಎದ್ದು ನಿಂತದ್ದು ಮೋರಿಸ್ ಕಾರಿನ ಯಜಮಾನ ಲಾರ್ಡ್ ನಫೀಲ್ಡ್ ಅವರ ದುಡ್ಡಿನಿಂದ. ಅಲ್ಲಿನ ವಿಶ್ವವಿದ್ಯಾಲಯದ ಮೂಳೆ ಶಸ್ತ್ರಚಿಕಿತ್ಸೆಯ ಪೀಠಕ್ಕೂ, ಅಂದರೆ ಕಾಯಂ ಪ್ರಾಧ್ಯಾಪಕ ಹುದ್ದೆಗೂ, ನಫೀಲ್ಡ್ ಅವರದೇ ದತ್ತಿ. 1937ರಲ್ಲಿ ಗರ್ಡಲ್‌ಸ್ಟೋನ್ ಅದರ ಮೊದಲ ಪ್ರಾಧ್ಯಾಪಕರಾದರು. 1949ರಲ್ಲಿ ಅದೇ ಪೀಠಕ್ಕೆ ಬಂದವರು ಜೋಸೆಪ್ ಟ್ರುಯೆಟಾ. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯ ತೊಳೆದು, ಸತ್ತ ಮಾಂಸ ಕತ್ತರಿಸಿ, ಪ್ಲಾಸ್ಟರ್ ಹಾಕಿ ಮುಚ್ಚಿಬಿಡುತ್ತಿದ್ದವರು. "ವಾಸನೆ ತಡೆಯಕ್ಕಾಗ್ತಿರ್ಲಿಲ್ವಂತೆ. ಆದ್ರೆ ಕಾಲು ಉಳೀತಿತ್ತು" ಎನ್ನುತ್ತಿದ್ದರು ಸರ್. ಊರು ಬಿಟ್ಟು ಬಂದ ನಿರಾಶ್ರಿತನಿಗೆ ಕಾರಿನ ದುಡ್ಡಿನ ಪೀಠ! ನನಗೆ ಈಗಲೂ ಇಷ್ಟವಾಗುವುದು ಈ ಭಾಗವೇ.

ನಮ್ಮಲ್ಲಿ ದತ್ತಿ ಎಂದರೆ ಹೆಚ್ಚಾಗಿ ಚಿನ್ನದ ಪದಕ, ಇಲ್ಲವೇ ಒಂದು ಉಪನ್ಯಾಸ. ಫೋಟೋ ಚೆನ್ನಾಗಿ ಬರುತ್ತದೆ, ಅಲ್ವಾ? ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನೇ ನೋಡಿ. ಸೊಂಟ, ಮಂಡಿಯ ಕೀಲು ಹಾಳುಮಾಡುವ, ವಂಶದಲ್ಲಿ ಇಳಿದು ಬರುವ ಕಾಯಿಲೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿದರು. ಆಮೇಲೂ ತಂಡಗಳು ಬಂದವು, ಹೋದವು. ಅದನ್ನೇ ಹಿಡಿದು ವರ್ಷಗಟ್ಟಲೆ ಕೂರಲು ಒಂದು ಪೀಠ ಬೇಕು. ಒಬ್ಬರು ನಿವೃತ್ತರಾದರೆ ಕಡತ ಇನ್ನೊಬ್ಬರ ಕೈಗೆ ಹೋಗಬೇಕು.

ನಮ್ಮ ಬ್ಯಾಚಿನಿಂದ ದತ್ತಿ ಇಡುವುದಾದರೆ ಇಂಥ ಪೀಠಕ್ಕೇ ಇಡೋಣ ಎಂದು ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಮಾತು ಎತ್ತಿದ್ದೇನೆ. ಒಬ್ಬ ಆಗಲೇ "ಸುಮ್ನೆ ಪದಕ ಇಡೋಣ ಮಾರಾಯಾ" ಎಂದಿದ್ದಾನೆ. ಅವನ ಜೊತೆ ಜಗಳ ನಡೆದಿದೆ.